ಎದುರಾಳಿಯನ್ನು ನೋಡುವ ಕಣ್ಣು: ವಿಶ್ವಕಪ್‌ಗೆ ಮೊದಲಿನ ಸ್ಕೌಟಿಂಗ್

ವಿಶ್ವಕಪ್ ಫುಟ್‌ಬಾಲನ್ನು ನಾವು ಟಿ.ವಿ.ಯಲ್ಲಿ ನೋಡೋದು ಒಂದು ತಿಂಗಳು. ತಂಡಗಳ ಪಾಲಿಗೆ ಅದು ಬಹಳ ಮೊದಲೇ ಶುರುವಾಗಿರುತ್ತದೆ. ಯಾವ ಗುಂಪಿನಲ್ಲಿ ಯಾರ್ಯಾರು ಎಂದು ಚೀಟಿ ಎತ್ತಿದ ದಿನದಿಂದ ಮೊದಲ ಪಂದ್ಯದವರೆಗೆ ಸಾಮಾನ್ಯವಾಗಿ ಆರು ತಿಂಗಳ ಆಸುಪಾಸು ಸಮಯ ಸಿಗುತ್ತದೆ. ಆ ಅವಧಿಯಲ್ಲಿ ಎದುರಾಳಿಗಳ ಆಟವನ್ನು ಕೂತು ನೋಡುವುದು, ಬರೆದಿಟ್ಟುಕೊಳ್ಳುವುದು, ಅವರ ಬಲ ಎಲ್ಲಿದೆ, ಸಡಿಲ ಎಲ್ಲಿದೆ ಎಂದು ಅಳೆಯುವುದು, ಇದಕ್ಕೇ ಸ್ಕೌಟಿಂಗ್ ಅಂತಾರೆ.

ಇದು ಕಂಪ್ಯೂಟರ್, ಕ್ಯಾಮೆರಾ, ಅಂಕಿಅಂಶಗಳ ಕೆಲಸ ಎಂದು ನಿಮಗೆ ಅನ್ನಿಸಬಹುದು. ಅದೂ ಹೌದು. ಆದರೆ ಅದಕ್ಕಿಂತ ಮೊದಲು ಇದು ನಜರಿನ ಕೆಲಸ. ಎದುರಿಗಿರುವವನನ್ನು ಅವನು ಇರುವ ಹಾಗೆಯೇ ನೋಡೋಕೆ ನಮಗೆ ಮನಸ್ಸಿದೆಯಾ ಎಂಬ ಪ್ರಶ್ನೆ ಇಲ್ಲಿದೆ. ಮನಸ್ಸಿಲ್ಲದಿದ್ದರೆ ಕೈಯಲ್ಲಿ ವಿಡಿಯೋ ಇದ್ದೂ ಏನೂ ಕಾಣುವುದಿಲ್ಲ. ಇದಕ್ಕೆ ಫುಟ್‌ಬಾಲ್ ಇತಿಹಾಸವೇ ಸಾಕ್ಷಿ.

ನೋಡದೇ ಸೋತವರು

1982ರ ವಿಶ್ವಕಪ್ ನಡೆದದ್ದು ಸ್ಪೇನಿನಲ್ಲಿ. ಅಲ್ಜೀರಿಯಕ್ಕೆ ಅದು ಮೊದಲ ವಿಶ್ವಕಪ್. ಮೊದಲ ಪಂದ್ಯವೇ ಯುರೋಪಿಯನ್ ಚಾಂಪಿಯನ್ ಪಶ್ಚಿಮ ಜರ್ಮನಿಯ ಎದುರು. ಪಂದ್ಯಕ್ಕೆ ಮೊದಲು ಜರ್ಮನ್ ಪಾಳೆಯದಲ್ಲಿ ತಮಾಷೆಯೋ ತಮಾಷೆ. ಎಷ್ಟು ಗೋಲು ಹೊಡೆಯಬೇಕು, ಯಾವ ಗೋಲನ್ನು ಯಾರಿಗೆ ಅರ್ಪಿಸಬೇಕು ಎಂಬ ಮಾತುಗಳು ಪತ್ರಿಕೆಗಳಿಗೂ ಬಂದವು. ಕೋಚ್ ಯುಪ್ ಡೆರ್ವಾಲ್ ಬಳಿ ಅಲ್ಜೀರಿಯದ ಆಟದ ವಿಡಿಯೋ ಇತ್ತು. ಅದನ್ನು ಹಾಕಿದರೆ ಹುಡುಗರು ತನ್ನನ್ನೇ ನೋಡಿ ನಗುತ್ತಾರೆ ಎಂದು ಅವರು ಅದನ್ನು ತೋರಿಸಲೇ ಇಲ್ಲವಂತೆ. ಸೋತ ಮೇಲೆ ಅವರೇ ಇದನ್ನು ಒಪ್ಪಿಕೊಂಡರೆಂದು ವರದಿಗಳು ಹೇಳುತ್ತವೆ.

ಜೂನ್ 16ರಂದು ಹಿಹೋನ್ ನಗರದಲ್ಲಿ ಏನಾಯಿತು ನೋಡಿ. 54ನೇ ನಿಮಿಷದಲ್ಲಿ ರಬಹ್ ಮಜರ್ ಗೋಲು ಹೊಡೆದರು. 67ನೇ ನಿಮಿಷದಲ್ಲಿ ರುಮೆನಿಗ್ಗೆ ಸರಿಸಮ ಮಾಡಿದರು. ಇನ್ನೇನು ಜರ್ಮನಿ ಮೇಲೆದ್ದಿತು ಎನ್ನುವಷ್ಟರಲ್ಲಿ ಅಲ್ಜೀರಿಯ ಸಾಲು ಪಾಸ್‌ಗಳಲ್ಲಿ ಮೈದಾನ ದಾಟಿತು. ಎಡಗಡೆಯಿಂದ ಸಲಾಹ್ ಅಸ್ಸಾದ್ ಚೆಂಡು ಒಳಗೆ ಕಳಿಸಿದರು, ಲಖ್ದರ್ ಬೆಲ್ಲೂಮಿ ಗೋಲಿಗೆ ತಳ್ಳಿದರು. 2-1. ಜರ್ಮನರು ಆ ಟೇಪನ್ನು ಒಮ್ಮೆ ಹಾಕಿ ನೋಡಿದ್ದರೆ, ಇವರು ಎಷ್ಟು ಒಗ್ಗಟ್ಟಾಗಿ ಪಾಸ್ ಕೊಡುತ್ತಾರೆ ಎಂಬುದಾದರೂ ಗೊತ್ತಾಗುತ್ತಿತ್ತು.

ಮುಂದಿನ ಕಥೆ ನೋವಿನದು. ಅಲ್ಜೀರಿಯ ಆಸ್ಟ್ರಿಯಕ್ಕೆ ಸೋತು, ಜೂನ್ 24ರಂದು ಚಿಲಿಯನ್ನು 3-2ರಿಂದ ಸೋಲಿಸಿತು. ಮರುದಿನ ಪಶ್ಚಿಮ ಜರ್ಮನಿ ಮತ್ತು ಆಸ್ಟ್ರಿಯ ಆಡಬೇಕಿತ್ತು. ಜರ್ಮನಿ ಒಂದೆರಡು ಗೋಲಿನಿಂದ ಗೆದ್ದರೆ ಎರಡೂ ತಂಡ ಮುಂದಕ್ಕೆ, ಅಲ್ಜೀರಿಯ ಮನೆಗೆ. 10ನೇ ನಿಮಿಷದಲ್ಲಿ ಜರ್ಮನಿಯ ಗೋಲು ಬಂತು. ಆಮೇಲೆ ಎರಡೂ ಕಡೆಯವರು ಚೆಂಡನ್ನು ಸುಮ್ಮನೆ ಉರುಳಿಸುತ್ತಾ ಕಾಲ ಕಳೆದರು. ಈ ನಾಚಿಕೆಗೇಡಿನ ನಂತರವೇ, 1986ರಿಂದ, ಗುಂಪಿನ ಕೊನೆಯ ಎರಡು ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ಬಂತು.

1966ರಲ್ಲಿ ಇಟಲಿಗೆ ಆದದ್ದು ಇನ್ನೊಂದು ಬಗೆ. ಅವರು ಉತ್ತರ ಕೊರಿಯಾವನ್ನು ನೋಡಲು ಜನ ಕಳಿಸಿದ್ದರು. ಹೋಗಿ ಬಂದ ಸಹಾಯಕ ಕೋಚ್ ಫೆರುಚ್ಚೊ ವಾಲ್ಕರೆಜ್ಜಿ, ಕೊರಿಯನ್ನರು ಮೂಕಿ ಚಿತ್ರದ ಹಾಸ್ಯನಟರ ಹಾಗಿದ್ದಾರೆ ಎಂದು ವರದಿ ಕೊಟ್ಟರಂತೆ. ಜುಲೈ 19ರಂದು ಮಿಡಲ್ಸ್‌ಬರೋದಲ್ಲಿ ಪಾಕ್ ದೂ-ಇಕ್ ಹೊಡೆದ ಒಂದೇ ಗೋಲು ಇಟಲಿಯನ್ನು ಮನೆಗೆ ಕಳಿಸಿತು. ಜರ್ಮನರು ವಿಡಿಯೋ ನೋಡಲಿಲ್ಲ. ಇಟಲಿಯವರು ಕಣ್ಣಾರೆ ನೋಡಿದರು, ಆದರೆ ಮೊದಲೇ ಮನಸ್ಸಿನಲ್ಲಿದ್ದ ಚಿತ್ರವನ್ನೇ ನೋಡಿದರು. ಹೆಸರು, ಊರು, ಉಡುಪು ಕಂಡ ಕೂಡಲೇ ನಮ್ಮ ಬಗ್ಗೆ ತೀರ್ಮಾನಕ್ಕೆ ಬಂದುಬಿಡುವವರನ್ನು ನೀವು ನಿಮ್ಮ ಶಹರದಲ್ಲೂ ಕಂಡಿರುತ್ತೀರಿ. ಇದು ಅದೇ ಕಾಯಿಲೆ.

ಸ್ಕೌಟ್ ಏನನ್ನು ನೋಡುತ್ತಾನೆ?

ನಾವು ಪಂದ್ಯ ನೋಡುವಾಗ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ, ಅಲ್ವಾ? ಸ್ಕೌಟ್ ಚೆಂಡನ್ನು ಬಿಟ್ಟು ನೋಡಲು ಕಲಿಯಬೇಕು. ಅವನ ಪ್ರಶ್ನೆಗಳು ಹೆಚ್ಚುಕಡಿಮೆ ಹೀಗಿರುತ್ತವೆ. ಚೆಂಡು ತಮ್ಮ ಬಳಿ ಇದ್ದಾಗ ಈ ತಂಡ ಹೇಗೆ ಹರಡಿಕೊಳ್ಳುತ್ತದೆ? ಚೆಂಡು ಕಳೆದುಕೊಂಡ ಮೊದಲ ಐದು ಸೆಕೆಂಡಿನಲ್ಲಿ ಮೇಲೆರಗುತ್ತದೆಯೋ, ಹಿಂದೆ ಸರಿಯುತ್ತದೆಯೋ? ಅಂಚಿನ ಡಿಫೆಂಡರ್ ಮುಂದಕ್ಕೆ ಓಡಿದಾಗ ಅವನು ಬಿಟ್ಟ ಜಾಗವನ್ನು ಯಾರು ಕಾಯುತ್ತಾರೆ? ಕಾರ್ನರ್ ಕಿಕ್‌ಗೆ ಯಾರು ಎಲ್ಲಿ ನಿಲ್ಲುತ್ತಾರೆ? ಯಾವ ಆಟಗಾರ ಎಡಗಾಲು ಬಳಸೋಕೆ ಹಿಂಜರಿಯುತ್ತಾನೆ? ಒಂದು ಗೋಲು ಮುಂದಿದ್ದಾಗ, ಅದರಲ್ಲೂ 70ನೇ ನಿಮಿಷದ ನಂತರ, ಇವರ ಆಟ ಹೇಗೆ ಬದಲಾಗುತ್ತದೆ?

ಕ್ಲಬ್ ತಂಡವಾದರೆ ವಾರವಾರ ಆಡುತ್ತದೆ, ನೋಡಲು ಬೇಕಾದಷ್ಟು ಸಿಗುತ್ತದೆ. ರಾಷ್ಟ್ರೀಯ ತಂಡ ಹಾಗಲ್ಲ. ವರ್ಷಕ್ಕೆ ಕೆಲವೇ ಸಲ, ಕೆಲವೇ ದಿನ ಸೇರುತ್ತದೆ. ಸ್ನೇಹಪಂದ್ಯಗಳಲ್ಲಿ ಕೋಚ್ ಹೊಸಬರನ್ನು ಪರೀಕ್ಷಿಸುತ್ತಾನೆ, ಒಳ್ಳೆಯ ತಂತ್ರಗಳನ್ನು ಬಚ್ಚಿಟ್ಟುಕೊಳ್ಳುತ್ತಾನೆ. ಅದಕ್ಕೇ ಸ್ಕೌಟ್ ಎರಡು ಕಡೆ ನೋಡಬೇಕು. ಆಟಗಾರನ ರೂಢಿ ಅವನ ಕ್ಲಬ್ ಪಂದ್ಯಗಳಲ್ಲಿ ಸಿಗುತ್ತದೆ, ತಂಡದ ಹೊಂದಾಣಿಕೆ ಅರ್ಹತಾ ಪಂದ್ಯಗಳಲ್ಲಿ ಸಿಗುತ್ತದೆ. ಇಷ್ಟು ಕೆಲಸಕ್ಕೆ ಬಹಳ ಜನ ಬೇಕು. ಜರ್ಮನಿಯವರು 1982ರ ಪಾಠ ಚೆನ್ನಾಗಿಯೇ ಕಲಿತ ಹಾಗಿದೆ. 2014ರಲ್ಲಿ ಅವರು ಕಪ್ ಗೆದ್ದಾಗ, ಕಲೋನ್ ನಗರದ ಕ್ರೀಡಾ ವಿಶ್ವವಿದ್ಯಾಲಯದ ಹತ್ತಾರು ವಿದ್ಯಾರ್ಥಿಗಳು ಎದುರಾಳಿ ತಂಡಗಳ ಬಗ್ಗೆ ಮಾಹಿತಿ ಕಲೆಹಾಕಿ ಕೊಟ್ಟಿದ್ದರು. ಹೌದು, ನಿಮ್ಮ ಹಾಗೆ ಓದುತ್ತಿದ್ದ ಹುಡುಗ ಹುಡುಗಿಯರು.

ಇನ್ನು ಕೂಡಿಹಾಕಿದ್ದನ್ನೆಲ್ಲ ಆಟಗಾರನ ತಲೆಗೆ ಸುರಿಯುವಂತಿಲ್ಲ. ಪಾಠ ಮಾಡುವವರಿಗೆ ಇದು ಗೊತ್ತು: ಪರೀಕ್ಷೆಯ ಹಿಂದಿನ ದಿನ ಇಡೀ ಪುಸ್ತಕ ಓದಿಸಿದರೆ ಪ್ರಯೋಜನವಿಲ್ಲ. ಆಟಗಾರನಿಗೆ ತಲುಪಬೇಕಾದ್ದು ಕೆಲವು ನಿಮಿಷದ ತುಣುಕುಗಳು, ಎರಡು ಮೂರು ಮಾತು. 2006ರ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿಯ ಗೋಲ್‌ಕೀಪರ್ ಯೆನ್ಸ್ ಲೇಮನ್ ಕಾಲುಚೀಲದಲ್ಲಿ ಒಂದು ಚೀಟಿ ಇತ್ತು. ಅರ್ಜೆಂಟೀನಾದ ಯಾವ ಆಟಗಾರ ಪೆನಾಲ್ಟಿಯನ್ನು ಯಾವ ಕಡೆ ಹೊಡೆಯುತ್ತಾನೆ ಎಂದು ಗೋಲ್‌ಕೀಪಿಂಗ್ ಕೋಚ್ ಬರೆದುಕೊಟ್ಟದ್ದು. ಪೆನಾಲ್ಟಿಯಲ್ಲಿ ಜರ್ಮನಿ 4-2ರಿಂದ ಗೆದ್ದಿತು. ತಮಾಷೆ ಏನೆಂದರೆ, ಕೊನೆಯ ಪೆನಾಲ್ಟಿ ಹೊಡೆಯಲು ಬಂದ ಕಾಂಬಿಯಾಸೊ ಹೆಸರು ಆ ಚೀಟಿಯಲ್ಲಿ ಇರಲೇ ಇಲ್ಲ. ಲೇಮನ್ ಆದರೂ ಚೀಟಿ ತೆಗೆದು ಓದಿದರು, ಆಮೇಲೆ ಚೆಂಡು ತಡೆದರು. ತನ್ನ ಬಗ್ಗೆ ಇವರಿಗೆ ಗೊತ್ತಿದೆ ಎಂಬ ಭಾವನೆ ಎದುರಾಳಿಯಲ್ಲಿ ಹುಟ್ಟಿಸುವುದೂ ಸ್ಕೌಟಿಂಗ್‌ನ ಒಂದು ಫಲ.

ನೋಡಿ ಗೆದ್ದವರು

2022ರ ನವೆಂಬರ್ 22ರಂದು ಕತಾರ್‌ನಲ್ಲಿ ಸೌದಿ ಅರೇಬಿಯ ಅರ್ಜೆಂಟೀನಾವನ್ನು 2-1ರಿಂದ ಸೋಲಿಸಿದ್ದು ನಿಮಗೆ ನೆನಪಿರಬಹುದು. ಸತತ 36 ಪಂದ್ಯ ಸೋಲದೆ ಬಂದಿದ್ದ ತಂಡ ಅದು. ಫ್ರೆಂಚ್ ಕೋಚ್ ಎರ್ವೆ ರೆನಾರ್ ತಮ್ಮ ಡಿಫೆಂಡರ್‌ಗಳನ್ನು ಗೋಲಿನ ಹತ್ತಿರ ಕಾವಲಿಡಲಿಲ್ಲ, ಮೈದಾನದ ನಡುಭಾಗದ ಕಡೆಗೆ ಮೇಲೆ ತಂದು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಹಿಂದೆ ದೊಡ್ಡ ಖಾಲಿ ಜಾಗ. ಪಾಸ್ ಬರುವ ಕ್ಷಣಕ್ಕಿಂತ ಒಂದು ಹೆಜ್ಜೆ ಮೊದಲು ಆ ಜಾಗಕ್ಕೆ ಓಡಿದವನು ಆಫ್‌ಸೈಡ್. ಮೊದಲರ್ಧದಲ್ಲೇ ಅರ್ಜೆಂಟೀನಾದ ಮೂರು ಗೋಲು ಹೀಗೆ ರದ್ದಾದವು. ಎದುರಾಳಿ ಯಾವಾಗ, ಎಲ್ಲಿಗೆ ಓಡುತ್ತಾನೆ ಎಂಬ ಅಂದಾಜಿಲ್ಲದೆ ಯಾರೂ ಆಡಲಾಗದ ಜೂಜು ಇದು. ಎರಡನೇ ಅರ್ಧದಲ್ಲಿ ಸಾಲಿಹ್ ಅಲ್ ಶಹ್ರಿ, ಸಾಲಿಮ್ ಅಲ್ ದೌಸರಿ ಐದು ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದರು. ಇದನ್ನೂ ಹೇಳಬೇಕು: ಸೌದಿ ಮುಂದಿನ ಎರಡೂ ಪಂದ್ಯ ಸೋತು ಹೊರಬಿತ್ತು, ಅರ್ಜೆಂಟೀನಾ ಕಪ್ ಗೆದ್ದಿತು. ಸ್ಕೌಟಿಂಗ್ ಒಂದು ಪಂದ್ಯದ ಬಾಗಿಲು ತೆರೆಯಬಹುದು, ತಂಡದ ಶಕ್ತಿಗೆ ಅದು ಬದಲಿ ಆಗುವುದಿಲ್ಲ.

ಅದೇ ವಿಶ್ವಕಪ್‌ನಲ್ಲಿ ಮೊರಾಕೊ ಸ್ಪೇನನ್ನು ಪೆನಾಲ್ಟಿಯಲ್ಲಿ ಹೊರಗಟ್ಟಿತು. ಸ್ಪೇನಿನ ಕೋಚ್ ತಮ್ಮ ಆಟಗಾರರಿಗೆ ಸಾವಿರ ಪೆನಾಲ್ಟಿ ಹೊಡೆದು ಬರುವಂತೆ ಹೋಂವರ್ಕ್ ಕೊಟ್ಟಿದ್ದರು. ಆದರೂ ಹೊಡೆದ ಮೂರರಲ್ಲಿ ಒಂದೂ ಒಳಗೆ ಹೋಗಲಿಲ್ಲ: ಒಂದು ಕಂಬಕ್ಕೆ ಬಡಿಯಿತು, ಎರಡನ್ನು ಯಾಸೀನ್ ಬೂನೂ ತಡೆದರು. ಬೂನೂ ಆಗ ಸ್ಪೇನಿನ ಸೆವಿಯ್ಯಾ ಕ್ಲಬ್ಬಿನ ಗೋಲ್‌ಕೀಪರ್. ಆ ದೇಶದ ಲೀಗ್‌ನಲ್ಲಿ ವರ್ಷಗಟ್ಟಲೆ ಆಡಿದವರು. ಗೆಲುವಿನ ಪೆನಾಲ್ಟಿ ಹೊಡೆದ ಅಶ್ರಫ್ ಹಕೀಮಿ ಹುಟ್ಟಿದ್ದೇ ಮ್ಯಾಡ್ರಿಡ್‌ನಲ್ಲಿ. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು ಭಾಷೆ ಆಡುತ್ತಾ ಪರಊರಲ್ಲಿ ಬದುಕುವ ನಿಮಗೆ ಇದು ಬೇಗ ಅರ್ಥವಾಗುತ್ತದೆ. ಜೊತೆಗೆ ಬದುಕಿ ತಿಳಿದದ್ದು ವಿಡಿಯೋದಲ್ಲಿ ಸಿಗುವುದಕ್ಕಿಂತ ಆಳ.

ನಮ್ಮ ದೇಶದ ಒಂದು ಉದಾಹರಣೆಯೂ ಇಲ್ಲಿ ಸಲ್ಲುತ್ತದೆ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಭಾರತ ಮೊದಲು ದಕ್ಷಿಣ ಕೊರಿಯಾಕ್ಕೆ 0-2ರಿಂದ ಸೋತಿತ್ತು. ಫೈನಲ್‌ನಲ್ಲಿ ಮತ್ತೆ ಅದೇ ಕೊರಿಯಾ. ಕೋಚ್ ಹೈದರಾಬಾದಿನ ಎಸ್.ಎ. ರಹೀಮ್ ಸಾಹೇಬರು, ಮೊದಲು ಶಾಲಾ ಶಿಕ್ಷಕರಾಗಿದ್ದವರು. ಮೊದಲ ಪಂದ್ಯದಲ್ಲಿ ಕೊರಿಯನ್ನರು ಕಂಡ ಜರ್ನೈಲ್ ಸಿಂಗ್ ಒಬ್ಬ ಡಿಫೆಂಡರ್. ತಲೆಗೆ ಗಾಯವಾಗಿ ಹೊಲಿಗೆ ಬಿದ್ದ ಮೇಲೆ ರಹೀಮ್ ಸಾಹೇಬರು ಅವರನ್ನು ಫಾರ್ವರ್ಡ್ ಮಾಡಿ ಆಡಿಸಿದರು. ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದರು. 2-1, ಚಿನ್ನ. ಸೋತ ಪಂದ್ಯವೂ ಎದುರಾಳಿಯ ಬಗ್ಗೆ ಕಲಿಸುತ್ತದೆ. ನಿನ್ನೆ ಬರೆದಿಟ್ಟ ಟಿಪ್ಪಣಿ ಇವತ್ತಿಗೆ ಹಳತಾಗಿರಬಹುದು ಎಂಬುದನ್ನೂ ಈ ಪಂದ್ಯ ಹೇಳುತ್ತದೆ.

ನೋಡುವುದು ಬೇರೆ, ಕದ್ದು ನೋಡುವುದು ಬೇರೆ

ಹಾಗಾದರೆ ಎಷ್ಟು ಬೇಕಾದರೂ ನೋಡಬಹುದಾ? ಇಲ್ಲ. 2018ರ ವಿಶ್ವಕಪ್‌ಗೆ ಮೊದಲು ಸ್ವೀಡನ್ನಿನ ಒಬ್ಬ ಸ್ಕೌಟ್, ದಕ್ಷಿಣ ಕೊರಿಯಾ ಬಾಗಿಲು ಮುಚ್ಚಿ ನಡೆಸುತ್ತಿದ್ದ ಅಭ್ಯಾಸವನ್ನು ಹತ್ತಿರದ ಮನೆಯೊಂದರಿಂದ ನೋಡಿದ ಸುದ್ದಿ ಹೊರಬಂತು. ಸ್ವೀಡನ್ ಕೋಚ್ ಕ್ಷಮೆ ಕೇಳಬೇಕಾಯಿತು. ಕೊರಿಯಾದ ಕೋಚ್ ಶಿನ್ ತೇ-ಯೊಂಗ್ ಕಡಿಮೆ ಆಸಾಮಿಯಲ್ಲ. ಪಾಶ್ಚಾತ್ಯರಿಗೆ ಏಷ್ಯನ್ನರ ಮುಖ ಗುರುತು ಹಿಡಿಯುವುದು ಕಷ್ಟ, ಅದಕ್ಕೇ ಸ್ನೇಹಪಂದ್ಯಗಳಲ್ಲಿ ಹುಡುಗರ ಅಂಗಿ ನಂಬರು ಅದಲು ಬದಲು ಮಾಡಿದ್ದೆ ಎಂದರು!

2024ರ ಪ್ಯಾರಿಸ್ ಒಲಿಂಪಿಕ್ಸ್‌ನದು ನಗುವ ವಿಷಯವಲ್ಲ. ಕೆನಡಾ ಮಹಿಳಾ ತಂಡದ ಸಿಬ್ಬಂದಿ ನ್ಯೂಜಿಲೆಂಡ್ ಅಭ್ಯಾಸದ ಮೇಲೆ ಡ್ರೋನ್ ಹಾರಿಸಿ ಸಿಕ್ಕಿಬಿದ್ದರು. ಫಿಫಾ ತಂಡದ 6 ಅಂಕ ಕಳೆಯಿತು, ಕೋಚ್ ಸೇರಿ ಮೂವರಿಗೆ ಒಂದು ವರ್ಷ ನಿಷೇಧ, 2 ಲಕ್ಷ ಸ್ವಿಸ್ ಫ್ರಾಂಕ್ ದಂಡ. ಆಟಗಾರ್ತಿಯರು ಗುಂಪಿನ ಮೂರೂ ಪಂದ್ಯ ಗೆದ್ದು ಹೇಗೋ ಮುಂದಿನ ಸುತ್ತಿಗೆ ಹೋದರು. ಡ್ರೋನ್ ಇಲ್ಲದೆಯೇ ಗೆಲ್ಲಬಲ್ಲ ತಂಡಕ್ಕೆ ದೊಡ್ಡವರು ಅಂಟಿಸಿದ ಮಸಿ ಅದು.

ಕುರ್‌ಆನಿನ ಸೂರಃ ಅಲ್ ಹುಜುರಾತ್ ಓದಿದವರಿಗೆ ಇಲ್ಲೊಂದು ವಿಷಯ ಹೊಳೆಯಬಹುದು. ಅದರ 11ನೇ ಆಯತ್ ಒಂದು ಜನಾಂಗ ಇನ್ನೊಂದನ್ನು ಗೇಲಿ ಮಾಡಬಾರದು ಎನ್ನುವ ಬಗ್ಗೆ ಇದೆ, 12ನೆಯದು ತಜಸ್ಸುಸ್, ಅಂದ್ರೆ ಇನ್ನೊಬ್ಬರ ಗುಟ್ಟು ಕೆದಕುವುದರ ಬಗ್ಗೆ ಇದೆ. ಅವು ಫುಟ್‌ಬಾಲ್ ಬಗ್ಗೆ ಬಂದವಲ್ಲ, ನಿಜ. ಆದರೆ ಎದುರಾಳಿಯನ್ನು ನೋಡುವವನು ತಪ್ಪುವ ದಾರಿಗಳು ಎರಡೇ: ಒಂದು ಹಿಹೋನ್‌ನ ಗೇಲಿ, ಇನ್ನೊಂದು ಆ ಡ್ರೋನ್. ಇವೆರಡರ ನಡುವೆ ಬಯಲಲ್ಲಿ, ಎಲ್ಲರಿಗೂ ಕಾಣುವ ಆಟವನ್ನು ಗಮನವಿಟ್ಟು ನೋಡುವ ಪ್ರಾಮಾಣಿಕ ಕೆಲಸವಿದೆ.

ನೀವೂ ಮಾಡಿ ನೋಡಿ

2026ರ ವಿಶ್ವಕಪ್‌ಗೆ ತಂಡಗಳ ಸಂಖ್ಯೆ 48 ಆಗಿದೆ. ಜೋರ್ಡಾನ್, ಉಜ್ಬೇಕಿಸ್ತಾನಕ್ಕೆ ಇದು ಮೊದಲ ವಿಶ್ವಕಪ್. ಅಲ್ಜೀರಿಯ ಮತ್ತು ಆಸ್ಟ್ರಿಯ ಮತ್ತೆ ಒಂದೇ ಗುಂಪಿಗೆ ಬಿದ್ದಿವೆ, ಜೊತೆಗೆ ಅರ್ಜೆಂಟೀನಾ ಮತ್ತು ಜೋರ್ಡಾನ್. ದೊಡ್ಡ ತಂಡಗಳಿಗೆ ಪರಿಚಯವಿಲ್ಲದ ಎದುರಾಳಿಗಳು ಹೆಚ್ಚಾದಷ್ಟೂ ಹಳೆಯ ಪರೀಕ್ಷೆ ಮತ್ತೆ ಎದುರಾಗುತ್ತದೆ.

ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ. ನಿಮಗೆ ಏನೂ ಗೊತ್ತಿಲ್ಲದ ಒಂದು ತಂಡ ಆರಿಸಿಕೊಳ್ಳಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಆ ತಂಡದ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಇರುವ ಅಭಿಪ್ರಾಯ ಬರೆಯಿರಿ. ಪಂದ್ಯ ನೋಡುವಾಗ ಮೊದಲ ಹದಿನೈದು ನಿಮಿಷ ಚೆಂಡನ್ನು ಬಿಟ್ಟು ಡಿಫೆಂಡರ್‌ಗಳ ಸಾಲನ್ನೇ ನೋಡಿ. ಪಕ್ಕದ ಪುಟದಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ. ಪಂದ್ಯ ಮುಗಿದ ಮೇಲೆ ಎರಡು ಪುಟಗಳನ್ನೂ ಹೋಲಿಸಿ.

ಉರ್ದುವಿನಲ್ಲಿ ಎದುರಾಳಿಗೆ ಹರೀಫ್ ಅಂತೀವಿ. ಪಾರಸಿಯಲ್ಲಿ ಅದೇ ಪದಕ್ಕೆ ಸಂಗಾತಿ, ಸರಿಜೋಡಿ ಎಂಬ ಅರ್ಥವೂ ಇದೆ. ಎದುರಿಗಿರುವವನನ್ನು ಸರಿಜೋಡಿ ಎಂದು ಒಪ್ಪಿಕೊಂಡು ಟಿಪ್ಪಣಿ ಬರೆಯಲು ಕೂತವನಿಗೆ ಅರ್ಧ ಸ್ಕೌಟಿಂಗ್ ಅಲ್ಲಿಗೇ ಆಯಿತು.