ಕೋಲಾಟದಲ್ಲಿ ಜೊತೆಯ ಪಲ್ಲಟ

ಕೋಲಾಟವನ್ನು ವರ್ಣಿಸುವವರು ಸಾಮಾನ್ಯವಾಗಿ ಕೋಲುಗಳ ನಾದವನ್ನೂ ಪದದ ಮಟ್ಟನ್ನೂ ಹೇಳಿ ನಿಲ್ಲಿಸುವರು; ಆಟದ ಜೀವಾಳವಾದ ಜೊತೆಯ ಪಲ್ಲಟವನ್ನು ವಿಚಾರಿಸುವುದು ಕಡಮೆ. ಹೆಗ್ಗಡದೇವನಕೋಟೆ ಸೀಮೆಯ ಅಂತರಸಂತೆಯೇ ಮೊದಲಾದ ಊರುಗಳನ್ನೊಳಗೊಂಡ ಮೈಸೂರು ನಾಡಿನಲ್ಲಿ ಈ ಆಟವು ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ. ಕಾಡಿನಾಚೆಯ ಕೊಡಗಿನಲ್ಲಿ ಪುತ್ತರಿಯ ಕಾಲಕ್ಕೆ ಗಂಡಸರು ಮಂದಿನಲ್ಲಿ ಸೇರಿ ಕೋಲಾಡುವರು.

ಇದು ಹೊಸತಲ್ಲ. ಹಂಪೆಯ ಮಹಾನವಮಿ ದಿಬ್ಬದ ಶಿಲ್ಪಗಳಲ್ಲಿ ಕೋಲು ಹಿಡಿದು ಕುಣಿಯುವ ಸ್ತ್ರೀಯರಿದ್ದಾರೆ. ಶಿವಗಂಗೆಯ ಬಳಿಯ ಸಾತನೂರಿನವನಾದ ಪುಂಡರೀಕವಿಠಲನು 16ನೆಯ ಶತಮಾನದಲ್ಲಿ ತನ್ನ ‘ನರ್ತನನಿರ್ಣಯ’ದಲ್ಲಿ ದಂಡರಾಸಕ್ಕೆ ಲಕ್ಷಣವನ್ನು ಬರೆದನು. 1623ರಲ್ಲಿ ಇಕ್ಕೇರಿಗೆ ಬಂದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯು, ಬಣ್ಣದ ಕಿರುಗೋಲುಗಳನ್ನು ತಾಳಕ್ಕೆ ಸರಿಯಾಗಿ ಹೊಡೆಯುತ್ತ, ನುಡಿಯ ಕೊನೆಯಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹಾಡುತ್ತಿದ್ದ ಹೆಂಗಸರನ್ನು ಕಂಡನು. ಆ ಮಾತಿನ ಅರ್ಥವು ಅವನಿಗೆ ತಿಳಿಯಲಿಲ್ಲ. ಹರ್ಷದ ಉದ್ಗಾರವಿರಬೇಕೆಂದು ಊಹಿಸಿದನು. ಅದು ‘ಕೋಲೆ’ ಎಂಬುದು. ಕನ್ನಡದ ಮಕ್ಕಳೂ ಅವನಿಗೆ ಅದನ್ನು ಹೇಳಿಕೊಡಬಹುದಾಗಿತ್ತು!

ಇನ್ನು ಪಲ್ಲಟದ ಕ್ರಮ. ಆಟದ ವಿನ್ಯಾಸಕ್ಕೆ ‘ಕೋಪು’ ಎಂದು ಹೆಸರು; ಕೋಪುಗಳು ಹಲವು. ಅವುಗಳಲ್ಲಿ ಒಂದು ಬಗೆಯನ್ನು ತೆಗೆದುಕೊಳ್ಳೋಣ. ಹದಿನಾರು ಮಂದಿ ಬಳಸಿ ನಿಂತು, ಒಬ್ಬರನ್ನು ಬಿಟ್ಟು ಒಬ್ಬರು ಬಲಕ್ಕೂ ಉಳಿದವರು ಎಡಕ್ಕೂ ತಿರುಗಿದರೆ ಎಂಟು ಜೊತೆಗಳಾಗುತ್ತವೆ. ಎದುರಿನವರ ಕೋಲಿಗೆ ಕೋಲು ತಾಗಿಸಿ, ಅವರನ್ನು ದಾಟಿ, ಮುಂದಿನವರನ್ನು ಎದುರುಗೊಳ್ಳಬೇಕು. ಎಂಟು ಸಲ ದಾಟಿದ ಬಳಿಕ ಮೊದಲಿನ ಜೊತೆಯೇ ಮತ್ತೆ ಎದುರಾಗುವುದು. ಆದರೆ ಹೊರಟ ಎಡೆಯಲ್ಲಲ್ಲ, ಬಳಸಿನ ಆಚೆಯ ಮಗ್ಗುಲಲ್ಲಿ. ಸ್ವಸ್ಥಾನವನ್ನು ಸೇರಲು ಮತ್ತೆ ಎಂಟು ಸಲ ದಾಟಬೇಕು. ತನ್ನ ದಿಕ್ಕಿನಲ್ಲಿಯೇ ನಡೆಯುವ ಏಳು ಮಂದಿಯ ಕೋಲು ಮಾತ್ರ ಈ ಸುತ್ತಿನಲ್ಲಿ ಒಬ್ಬನಿಗೂ ತಾಗದು. ಯೂರೋಪಿನ ಕ್ವಾಡ್ರಿಲ್ ಕುಣಿತಗಳ ‘ಮಹಾಸರಪಳಿ’ಯೂ ಇದೇ ಗಣಿತದ್ದು. ಅಲ್ಲಿ ಕೈಹಿಡಿದು ದಾಟುವರು, ಇಲ್ಲಿ ಮೈ ಸೋಕುವುದಿಲ್ಲ. ಎಲ್ಲರೊಡನೆಯೂ ಆಡುವ ಸಲಿಗೆಯು ಈ ಕೋಲಿನ ಅಂತರದಿಂದಲೇ ಸಾಧ್ಯವಾಯಿತೆಂದು ನನಗೆ ತೋರುತ್ತದೆ.

ಜಡೆಕೋಪಿನಲ್ಲಿ ಈ ಪಲ್ಲಟವು ಕಣ್ಣಿಗೆ ಕಾಣುವಂತೆ ಉಳಿಯುತ್ತದೆ. ಮೇಲೆ ಕಟ್ಟಿದ ಬಣ್ಣದ ಹಗ್ಗಗಳ ತುದಿಯನ್ನು ಒಬ್ಬೊಬ್ಬರು ಹಿಡಿದು, ಎದುರಾದವರನ್ನು ಒಮ್ಮೆ ಒಳಗಿನಿಂದ, ಒಮ್ಮೆ ಹೊರಗಿನಿಂದ ದಾಟುತ್ತಿರಲು ಜಡೆಯು ಹೆಣೆದುಕೊಂಡು ಇಳಿಯುವುದು. ಬಳಿಕ ಅದೇ ನಡೆಯನ್ನು ಹಿಂದುಮುಂದಾಗಿ ನಡೆದು ಬಿಚ್ಚಬೇಕು. ಹೆಣೆಯುವಾಗ ಒಬ್ಬನು ಮಗ್ಗುಲು ತಪ್ಪಿದರೆ ಒಡನೆಯೇ ಯಾರಿಗೂ ತೋರುವುದಿಲ್ಲ. ಬಿಚ್ಚುವಾಗ ಆ ಎಡೆಯಲ್ಲಿ ಗಂಟು ಬಿಗಿಯುವುದು. ಆಗ ಉಳಿದ ಹದಿನೈದು ಮಂದಿಯೂ ನಿಲ್ಲಬೇಕು.