ಮದುವೆ ಮನೆ ಅನ್ನ ತಿಂದ ಹಸುವಿಗೆ ಯೀಸ್ಟ್ ಹಾಕಿದರೆ ಸಾಕಾ?

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಬೀದಿಗಳಲ್ಲಿ ಈಗಲೂ ಎರಡು-ಮೂರು ಹಸು ಕಟ್ಟಿಕೊಂಡು ಹಾಲು ಮಾರುವ ಮನೆಗಳಿವೆ. ಮೇಯಿಸಲು ಗೋಮಾಳ ಇಲ್ಲ, ಹುಲ್ಲು ಬೆಳೆಯಲು ಜಾಗ ಇಲ್ಲ. ಬೂಸಾ, ಹಿಂಡಿ ದುಡ್ಡು ಕೊಟ್ಟೇ ತರಬೇಕು. ಹಾಗಾಗಿ ಕೆ.ಆರ್. ಮಾರ್ಕೆಟ್ಟಿನಲ್ಲಿ ಉಳಿದ ಸೊಪ್ಪು-ತರಕಾರಿ, ಕಲ್ಯಾಣ ಮಂಟಪದಲ್ಲಿ ಮಿಕ್ಕ ಅನ್ನ ಕೊಟ್ಟಿಗೆಗೆ ಬರುತ್ತೆ. ನಿಮ್ಮೂರಲ್ಲೂ ಮದುವೆ, ಜಾತ್ರೆಯ ಮರುದಿನ ಇದೇ ಕತೆ ಅಲ್ವಾ? "ಒಂದು ಚಮಚ ಲೈವ್ ಯೀಸ್ಟ್ ಹಾಕಿದ್ರೆ ಎಲ್ಲಾ ಅರಗುತ್ತೆ" ಅನ್ನೋ ಮಾತು ಪೂರ್ತಿ ನಿಜವಲ್ಲ.

ಹಸುವಿನ ದೊಡ್ಡ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನಾರನ್ನು ಅರಗಿಸುವ ಜೀವಿಗಳಿಗೆ ಆಮ್ಲಜನಕ ಆಗಿಬರಲ್ಲ. ಮೇವಿನ ಜೊತೆ ಒಳಗೆ ಹೋಗುವ ಅಷ್ಟಿಷ್ಟು ಆಮ್ಲಜನಕವನ್ನು ಜೀವಂತ ಯೀಸ್ಟ್ ಹೀರಿಕೊಳ್ಳುತ್ತೆ. ಜೊತೆಗೆ ಲ್ಯಾಕ್ಟಿಕ್ ಆಮ್ಲವನ್ನು ತಿನ್ನುವ ಜೀವಿಗಳು ಹೆಚ್ಚಲು ನೆರವಾಗುತ್ತೆ. ಇದರಿಂದ ಹೊಟ್ಟೆಯ ಹುಳಿ ಹತೋಟಿಯಲ್ಲಿರುತ್ತೆ, ಒಣ ಹುಲ್ಲೂ ಚೆನ್ನಾಗಿ ಅರಗುತ್ತೆ. ಹಿಂಡಿ-ಫೀಡು ಜಾಸ್ತಿ ತಿನ್ನುವ ಮಿಶ್ರತಳಿ ಹಸುಗಳಿಗೆ, ಕರು ಹಾಕುವ ಆಸುಪಾಸಿನ ಮೂರು ವಾರ, ಬೇಸಿಗೆ ಸೆಕೆಯಲ್ಲಿ ಇದರ ಉಪಯೋಗ ಹೆಚ್ಚು.

ಆದರೆ ಒಂದೇ ಸಲ ಬಕೆಟ್‌ಗಟ್ಟಲೆ ಅನ್ನ, ಪಾಯಸ ಸುರಿದರೆ ಕೆಲವೇ ಗಂಟೆಗಳಲ್ಲಿ ಹೊಟ್ಟೆಯೆಲ್ಲ ಹುಳಿ. ಹಸು ಮೆಲುಕು ನಿಲ್ಲಿಸುತ್ತೆ, ಹುಳಿ ವಾಸನೆಯ ತೆಳ್ಳನೆ ಸಗಣಿ ಹಾಕುತ್ತೆ, ತೂರಾಡಿ ಮಲಗುತ್ತೆ. ಸತ್ತೂ ಹೋಗಬಹುದು. ಆ ಹೊತ್ತಿನಲ್ಲಿ ಯೀಸ್ಟ್ ಹುಡುಕ್ತಾ ಕೂರಬೇಡಿ. ತಕ್ಷಣ ಪಶುವೈದ್ಯರನ್ನು ಕರೆಸಿ, ಅಥವಾ 1962ಕ್ಕೆ ಫೋನ್ ಮಾಡಿ. ಯೀಸ್ಟ್ ದಿನಾ ಕೊಡುವ ಪೂರಕ, ತುರ್ತು ಔಷಧಿ ಅಲ್ಲ. ಅದು ಹೊಟ್ಟೆಯಲ್ಲಿ ನೆಲೆ ನಿಲ್ಲಲ್ಲ, ಮೇವಿನ ಜೊತೆ ಹೊರಗೆ ಹೋಗುತ್ತೆ. ಒಂದು ದಿನ ಹಾಕಿ ನಾಲ್ಕು ದಿನ ಬಿಟ್ಟರೆ ಪ್ರಯೋಜನ ಇಲ್ಲ. ಮಿಕ್ಕ ಅನ್ನ ಹಾಕಲೇಬೇಕು ಅಂದ್ರೆ ಮೊದಲು ರಾಗಿ ಹುಲ್ಲು ತಿನ್ನಿಸಿ, ಆಮೇಲೆ ಒಂದೆರಡು ಹಿಡಿ, ಅಷ್ಟೇ.

ಕೊಳ್ಳುವಾಗ ಪೊಟ್ಟಣದ ಮೇಲೆ "ಲೈವ್" ಅಂತ ಇದೆಯಾ, ಸಿ.ಎಫ್.ಯು. ಎಷ್ಟು, ಅವಧಿ ಯಾವಾಗ ಮುಗಿಯುತ್ತೆ ನೋಡಿ. ಸಾಮಾನ್ಯವಾಗಿ ಒಂದು ಹಸುವಿಗೆ ದಿನಕ್ಕೆ 10ರಿಂದ 20 ಬಿಲಿಯನ್ ಸಿ.ಎಫ್.ಯು. ಬೇಕು (1 ಬಿಲಿಯನ್ ಅಂದರೆ 100 ಕೋಟಿ). ಅಯ್ಯಂಗಾರ್ ಬೇಕರಿಯ ಬನ್ನು ಉಬ್ಬಿಸುವುದೂ ಇದೇ ಜಾತಿಯ ಯೀಸ್ಟು. ಆದರೆ ಹಸುವಿಗೆ ಕೊಡಲು ಪರೀಕ್ಷಿಸಿದ ತಳಿ ಬೇರೆ. ಬಿಯರ್ ಫ್ಯಾಕ್ಟರಿಯ ಮಡ್ಡಿಯನ್ನೂ ಯೀಸ್ಟ್ ಅಂದುಕೊಳ್ಳಬೇಡಿ, ಅದು ಕಾಳಿನ ಚರಟ. ಪುಡಿಯನ್ನು ಬಿಸಿ ಗಂಜಿಗೆ, ಆಗಷ್ಟೇ ಬೇಯಿಸಿದ ಹುರುಳಿಗೆ ಬೆರೆಸಿದರೆ ಯೀಸ್ಟ್ ಸತ್ತೇ ಹೋಗುತ್ತೆ. ತಣ್ಣಗಿನ ಬೂಸಾದಲ್ಲಿ ಕಲಸಿ. ಶೀಟಿನ ಕೊಟ್ಟಿಗೆಯಲ್ಲಿ ಇಡಬೇಡಿ, ಮನೆಯೊಳಗೆ ತಂಪಾದ, ಒಣ ಜಾಗದಲ್ಲಿಡಿ.

ಹಾಲು ಎಷ್ಟು ಹೆಚ್ಚುತ್ತೆ? 2009ರಲ್ಲಿ ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಸರಾಸರಿ, 400 ಕೆ.ಜಿ. ತೂಕದ ಹಸುವಿಗೆ ದಿನಕ್ಕೆ ಸುಮಾರು ಅರ್ಧ ಲೀಟರ್. "ಮೂರು ಲೀಟರ್ ಗ್ಯಾರಂಟಿ" ಅನ್ನೋ ವಿಡಿಯೋ ನೋಡಿ ಮರುಳಾಗಬೇಡಿ. ಹಾಕುವ ಮುಂಚೆ ಹತ್ತು ದಿನದ ಹಾಲನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಬೇರೆ ಮೇವು ಬದಲಿಸದೆ ಒಂದು ತಿಂಗಳು ಕೊಟ್ಟು ಮತ್ತೆ ಅಳೆಯಿರಿ. ಹೆಚ್ಚಿದ ಹಾಲಿನ ದುಡ್ಡಿಗಿಂತ ಪುಡಿಯ ಖರ್ಚೇ ಜಾಸ್ತಿ ಆದರೆ ನಿಲ್ಲಿಸಿ, ಅದೇ ದುಡ್ಡಿಗೆ ಇನ್ನೆರಡು ಹೊರೆ ಹುಲ್ಲು ತನ್ನಿ.