ಚರ್ಚಿನ ಅಂಗಳದ ಚೆರ್ರಿ ಮರ

ಹೋದ ಏಪ್ರಿಲ್‌ನಲ್ಲಿ ಪುಣೆಯಿಂದ ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದೆ. ಅವಳು ಆಫೀಸಿಗೆ ಹೋದ ಮೇಲೆ ಅಲ್ಲಿನ ಹಳ್ಳಿ ಚರ್ಚಿನ ಅಂಗಳವೇ ನನ್ನ ವಾಕಿಂಗ್ ಜಾಗ. ಒಂದು ಮೂಲೆಯಲ್ಲಿ ಮೈತುಂಬ ಹೂಬಿಟ್ಟ ಚೆರ್ರಿ ಮರ. ಬುಡದಲ್ಲಿ ಪಾಚಿಗಟ್ಟಿದ ಪುಟ್ಟ ಫಲಕ: ಗರ್ಲ್ಸ್ ಫ್ರೆಂಡ್ಲಿ ಸೊಸೈಟಿ, 1875–1975.

ಹೆಸರು ನೋಡಿ ಯಾವುದೋ ಕಿಟಿ ಪಾರ್ಟಿ ಇರಬೇಕು ಅಂದುಕೊಂಡೆ. ಸಂಜೆ ಮಗಳ ಲ್ಯಾಪ್‌ಟಾಪಿನಲ್ಲಿ ಓದಿದಾಗ ಗೊತ್ತಾಯಿತು, ಇದು ನನ್ನಂಥವರ ಕಥೆಯೇ.

ಆಗ ಇಂಗ್ಲೆಂಡಿನಲ್ಲಿ ಹದಿಮೂರು ಹದಿನಾಲ್ಕರ ಹಳ್ಳಿ ಹುಡುಗಿಯರು ಮನೆಗೆಲಸಕ್ಕೆಂದು ಪಟ್ಟಣ ಸೇರುತ್ತಿದ್ದರು. ಅವರಿಗಾಗಿ ಮೇರಿ ಟೌನ್‌ಸೆಂಡ್ ಎಂಬಾಕೆ ಆಂಗ್ಲಿಕನ್ ಚರ್ಚಿನ ಆಶ್ರಯದಲ್ಲಿ ಕಟ್ಟಿದ ಸಂಘವಿದು. ದುಡಿಯುವ ಹುಡುಗಿಯರು ಸದಸ್ಯೆಯರು, ದೊಡ್ಡ ಮನೆತನದ ಹೆಂಗಸರು ಅವರ ಹಿರಿಯಕ್ಕಂದಿರು. ಹುಡುಗಿ ಊರು ಬದಲಿಸಿದರೆ ಪರಿಚಯ ಪತ್ರ ಸಿಗುತ್ತಿತ್ತು. ಹೊಸ ಊರಿನಲ್ಲಿ ವಿಚಾರಿಸಿಕೊಳ್ಳಲು ಒಬ್ಬರಿರುತ್ತಿದ್ದರು. ತಂಗಲು ವಸತಿಗೃಹಗಳು, ಕೆಲಸ ಹುಡುಕಿಕೊಡುವ ವ್ಯವಸ್ಥೆ, ಎಲ್ಲವೂ ಇದ್ದವು.

1984ರಲ್ಲಿ ನಾನು ಧಾರವಾಡ ಬಿಟ್ಟು ಮೀರಜಿನಲ್ಲಿ ಗಾಡಿ ಬದಲಿಸಿ, ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸಿನಲ್ಲಿ ದಾದರಿಗೆ ಬಂದಿಳಿದಾಗ ನನ್ನ ಹತ್ತಿರ ಇದ್ದದ್ದು ಬ್ಯಾಂಕಿನ ನೇಮಕಾತಿ ಪತ್ರ, ಅವ್ವ ಕಟ್ಟಿಕೊಟ್ಟ ರೊಟ್ಟಿಗಂಟು. ಎದುರುಗೊಳ್ಳಲು ಯಾರೂ ಇರಲಿಲ್ಲ. ಆ ಪ್ಲಾಟ್‌ಫಾರ್ಮಿನ ಭಯ ಈಗಲೂ ನೆನಪಿದೆ. ಹಾಗಾಗಿ ಆ ಟೌನ್‌ಸೆಂಡಮ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ಮುಂದೆ ಓದಿದಾಗ ಮುಗಿದ ಕೈ ಸಡಿಲಾಯಿತು. ಸಂಘದ ನಿಯಮದಲ್ಲಿ ಒಂದು ಹೀಗಿತ್ತು: ಹುಡುಗಿಯ ಶೀಲಕ್ಕೆ ಕಳಂಕ ಇರಬಾರದು; ಬಂದರೆ ಸದಸ್ಯತ್ವದ ಕಾರ್ಡು ಹಿಂದಿರುಗಿಸಬೇಕು. ಅಂದರೆ ಕಾಲು ಜಾರಿದವಳಿಗೆ, ಅಥವಾ ಯಾರೋ ಜಾರಿಸಿದವಳಿಗೆ, ಗೆಳತಿಯರು ಬೇಕೇ ಬೇಕಾದ ಹೊತ್ತಿನಲ್ಲಿ ಬಾಗಿಲು ಬಂದ್. ಇದಕ್ಕೆ ಆಗಲೇ ಆಕ್ಷೇಪವಿತ್ತಂತೆ.

ಮುಂಬಯಿಯ ನಮ್ಮ ಹಾಸ್ಟೆಲಿಗೂ ಒಂದು ರಿಜಿಸ್ಟರು ಇತ್ತು. ಒಂದು ರಾತ್ರಿ ತಡವಾಗಿ ಬಂದಳೆಂದು, ಜೊತೆಗೆ ಗಂಡಸೊಬ್ಬ ಗೇಟಿನವರೆಗೆ ಬಂದಿದ್ದನೆಂದು, ನನ್ನ ರೂಮಿನ ವಿಜಾಪುರದ ಹುಡುಗಿಯನ್ನು ಮರುದಿನವೇ ಹೊರಹಾಕಿದರು. ಅವನು ಅವಳ ಆಫೀಸಿನವ. ಲೋಕಲ್ ರೈಲು ನಿಂತಿದ್ದರಿಂದ ಬಿಡಲು ಬಂದವ. ನನಗದು ಗೊತ್ತಿತ್ತು. ವಾರ್ಡನ್ ಕೇಳಿದಾಗ ನಾನು ಬಾಯಿಬಿಡಲಿಲ್ಲ. ನನ್ನ ಹಾಸಿಗೆ ಉಳಿಯಬೇಕಿತ್ತು. ಅವಳು ಟ್ರಂಕು ಎಳೆದುಕೊಂಡು ಹೋಗುವಾಗ ‘ಬರ್ತೀನವಾ’ ಅಂದಳು, ಅಷ್ಟೇ.

ಮರುದಿನ ಚರ್ಚಿನಲ್ಲಿ ಹುಲ್ಲು ಕತ್ತರಿಸುತ್ತಿದ್ದ ಅಜ್ಜಿಯನ್ನು ಮಾತಾಡಿಸಿದೆ. ಈ ಜಾತಿಯ ಚೆರ್ರಿಗೆ ಆಯುಷ್ಯ ಕಡಿಮೆ, ಕಾಂಡದೊಳಗೆ ಕೊಳೆತಿದೆ, ಚಳಿಗಾಲದಲ್ಲಿ ಕಡಿಯುತ್ತೇವೆ ಅಂದರು. ಫಲಕ? ಅದನ್ನು ಕಮಿಟಿ ನೋಡಬೇಕು.

ಪಾಚಿಯನ್ನು ಸೆರಗಿನಿಂದ ಒರೆಸಿ ಒಂದು ಫೋಟೊ ತೆಗೆದುಕೊಂಡೆ. ಕಳಿಸೋಣವೆಂದರೆ ವಿಜಾಪುರದವಳ ನಂಬರು ನನ್ನ ಹತ್ತಿರ ಇಲ್ಲ.